ದುಡ್ಡು ಬಂತು ಸರಿ, ಊಟ ಆಯ್ತಾ? ಆಫ್ರಿಕಾದ ವಲಸೆ ಕುಟುಂಬಗಳ ಹಸಿವನ್ನು ಅಳೆಯುವ ಬಗೆ

ಆಫ್ರಿಕಾದ ವಲಸಿಗರ ಬಗ್ಗೆ ಪ್ರಾಜೆಕ್ಟ್ ಮಾಡುವವರು, ಎನ್‌ಜಿಒ ಕೆಲಸಕ್ಕೆ ಅಲ್ಲಿಗೆ ಹೊರಟವರು, ಸುದ್ದಿ ಬರೆಯುವವರು ಹೆಚ್ಚಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ಹೊರಗೆ ದುಡಿಯುವವರು ಮನೆಗೆ ಎಷ್ಟು ಕಳಿಸಿದರು ಅಂತ ಒಂದು ಅಂಕಿ ಹುಡುಕುತ್ತಾರೆ. ಅದರಲ್ಲಿ ಎಷ್ಟು ಊಟಕ್ಕೆ ಹೋಯಿತು ಅಂತ ಇನ್ನೊಂದು ಅಂಕಿ. ಎರಡನ್ನೂ ಪಕ್ಕಪಕ್ಕ ಇಟ್ಟು, ಹಣ ಬಂತು ಹಸಿವು ಹೋಯ್ತು ಅಂತ ಬರೆದು ಮುಗಿಸುತ್ತಾರೆ. ಕಳಿಸಿದವರು ಆ ರಾತ್ರಿ ಏನು ಉಂಡರು ಅಂತ ಕೇಳುವವರು ಕಡಿಮೆ. ನಾನೂ ಇಂಥ ವರದಿಗಳನ್ನು ಬಹಳ ದಿನ ಹಾಗೇ ಓದುತ್ತಿದ್ದೆ, ಕೊನೆಯ ಪುಟದ ಶೇಕಡಾ ನೋಡಿ ಮುಚ್ಚಿಡುತ್ತಿದ್ದೆ.

ಈ ಲೆಕ್ಕ ಎರಡು ಒಲೆಯದು. ಊರಲ್ಲಿ ಒಂದು ಒಲೆ, ದುಡಿಯುವ ಊರಲ್ಲಿ ಇನ್ನೊಂದು. ಒಂದರ ಬೆಂಕಿ ಜೋರಾಗಲು ಇನ್ನೊಂದರ ಸೌದೆ ಎಳೆದಿರುತ್ತಾರೆ, ಎಷ್ಟೋ ಸಲ. ಹಾಗಾಗಿ ಏನು ಅಳೆದರೂ ಎರಡು ಕಡೆ ಅಳೆಯಿರಿ. ಅದು ಹೇಗೆ ಅಂತ ಕೆಳಗೆ ಬರೆದಿದ್ದೇನೆ.

ಮೊದಲು ಒಂದು ಜೋಡಿ ಊರು ಆರಿಸಿಕೊಳ್ಳಿ

ಆಫ್ರಿಕಾದ ವಲಸೆ ಅಂದ ಕೂಡಲೇ ಮೆಡಿಟರೇನಿಯನ್ ಸಮುದ್ರದ ದೋಣಿ ಕಣ್ಣ ಮುಂದೆ ಬರುತ್ತದೆ ಅಲ್ವಾ? ಅದನ್ನು ಸ್ವಲ್ಪ ಪಕ್ಕಕ್ಕಿಡಿ. 2020ರ ಅಂದಾಜಿನಲ್ಲಿ ಸುಮಾರು 2.1 ಕೋಟಿ ಆಫ್ರಿಕನ್ನರು ಆಫ್ರಿಕಾದ್ದೇ ಇನ್ನೊಂದು ದೇಶದಲ್ಲಿದ್ದರು. ಖಂಡದ ಹೊರಗೆ ಇದ್ದವರು ಅದಕ್ಕಿಂತ ಸ್ವಲ್ಪ ಕಡಿಮೆಯೇ. ದೇಶದ ಒಳಗೇ ಹಳ್ಳಿಯಿಂದ ಪಟ್ಟಣಕ್ಕೆ ಹೋದವರು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಘಾನಾದ ಉತ್ತರ ಭಾಗದಿಂದ ಬಂದು ಅಕ್ರಾದ ಮಾರುಕಟ್ಟೆಗಳಲ್ಲಿ ತಲೆ ಮೇಲೆ ಹೊರೆ ಹೊರುವ ಹೆಂಗಸರು, ಅಂದರೆ ಕಯಾಯೇಯಿ ಅಂತ ಕರೆಯುವವರು, ಗಡಿ ದಾಟಿದವರಲ್ಲ. ಆದರೆ ಊರಿಗೆ ಹಣ ಕಳಿಸುವುದರಲ್ಲಿ, ಕಳಿಸಲು ಹೊಟ್ಟೆ ಕಟ್ಟುವುದರಲ್ಲಿ, ಗಡಿ ದಾಟಿದವರಿಗೂ ಇವರಿಗೂ ಏನೂ ವ್ಯತ್ಯಾಸ ಇಲ್ಲ.

'ಆಫ್ರಿಕಾದ ವಲಸಿಗರು' ಅಂತ ಇಡೀ ಖಂಡವನ್ನು ತಲೆ ಮೇಲೆ ಹೊತ್ತುಕೊಳ್ಳಬೇಡಿ. ಒಂದು ಜೋಡಿ ಸಾಕು. ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್ ಮತ್ತು ಜಿಂಬಾಬ್ವೆಯ ಬುಲವಾಯೊ. ನಮೀಬಿಯಾದ ರಾಜಧಾನಿ ವಿಂಡ್‌ಹುಕ್ ಮತ್ತು ಅದೇ ದೇಶದ ಉತ್ತರದ ಹಳ್ಳಿಗಳು. ಪ್ಯಾರಿಸ್ ಮತ್ತು ಮಾಲಿ ದೇಶದ ಕಾಯ್ ಪ್ರದೇಶ. ಜೋಡಿ ಬದಲಾದರೆ ಪ್ರಶ್ನೆಗಳೂ ಬದಲಾಗುತ್ತವೆ. ಲೆಸೋಥೊ ನೋಡಿ. 1990ರ ಸುಮಾರಿಗೆ ಅಲ್ಲಿನ 1 ಲಕ್ಷಕ್ಕೂ ಜಾಸ್ತಿ ಗಂಡಸರು ದಕ್ಷಿಣ ಆಫ್ರಿಕಾದ ಗಣಿಗಳಲ್ಲಿದ್ದರು. 1974ರಲ್ಲಿ ಬಂದ ಕಾನೂನಿನ ಪ್ರಕಾರ ಅವರ ಸಂಬಳದ ಒಂದು ಪಾಲು ಕೈಗೆ ಸಿಗದೆ ನೇರ ಊರಿನ ಖಾತೆಗೆ ಹೋಗಬೇಕಿತ್ತು. ಆಮೇಲೆ ಗಣಿ ಕೆಲಸ ಹೋಯಿತು. ಮನೆಗೆಲಸಕ್ಕೆ ಅಂತ ಹೆಂಗಸರು ಗಡಿ ದಾಟಲು ಶುರು ಮಾಡಿದರು. ಅವರ ಸಂಬಳಕ್ಕೆ ಅಂಥ ಕಾನೂನೂ ಇಲ್ಲ, ಖಾತೆಯೂ ಇಲ್ಲ. ಯಾರ ಕೈಗೋ ಕೊಟ್ಟು ಕಳಿಸಬೇಕು, ಅಷ್ಟೇ. ಗಣಿ ಕಾಲದ ಪ್ರಶ್ನೆಪಟ್ಟಿ ಹಿಡಿದುಕೊಂಡು ಈಗ ಹೋದರೆ ಅರ್ಧ ಹಣ ನಿಮ್ಮ ಕಣ್ಣಿಗೇ ಬೀಳುವುದಿಲ್ಲ.

'ಎಷ್ಟು ಕಳಿಸಿದ್ರು' ಅಂತ ಕೇಳಬೇಡಿ, 'ಏನೇನು ಬಂತು' ಅಂತ ಕೇಳಿ

ಇಲ್ಲಿ ಸ್ವಲ್ಪ ನಿಲ್ಲೋಣ. ಜಾಸ್ತಿ ತಪ್ಪಾಗುವುದು ಇಲ್ಲೇ.

ಜೋಹಾನ್ಸ್‌ಬರ್ಗ್‌ನಿಂದ ಬುಲವಾಯೊ ಕಡೆಗೆ ಹೋಗುವ ವ್ಯಾನ್ ಮತ್ತು ಪಿಕಪ್‌ಗಳನ್ನು ನೆನೆಸಿಕೊಳ್ಳಿ. ಹಿಂದೆ ಒಂದು ಟ್ರೇಲರ್, ಅದರ ಮೇಲೆ ಟಾರ್ಪಾಲು, ಹಗ್ಗ. ಓಡಿಸುವವರನ್ನು ಎಂಡೆಬೆಲೆ ಭಾಷೆಯಲ್ಲಿ ಒಮಲಯಿಚ ಅನ್ನುತ್ತಾರೆ, ಅಂದರೆ ಸರಕು ಹೇರುವವರು. ಟಾರ್ಪಾಲಿನ ಕೆಳಗೆ ಚೌಕಳಿ ಚೀಲಗಳು. ಒಂದು ಚೀಲ ಬಿಚ್ಚಿದರೆ ಮೆಕ್ಕೆಜೋಳದ ಹಿಟ್ಟು, ಅಡುಗೆ ಎಣ್ಣೆಯ ಬಾಟಲಿ, ಸಕ್ಕರೆ, ಅಕ್ಕಿ, ಬಟ್ಟೆ ಸೋಪಿನ ಬಾರ್, ಮಧ್ಯದಲ್ಲಿ ಮಕ್ಕಳ ಶಾಲೆ ಷೂ. ಬಾಟಲಿ ಮುಚ್ಚಳದ ಸುತ್ತ ಟೇಪ್ ಸುತ್ತಿರುತ್ತದೆ, ಎಣ್ಣೆ ಸೋರಿ ಹಿಟ್ಟು ಹಾಳಾಗದಿರಲಿ ಅಂತ. ಅದೇ ಡ್ರೈವರ್ ಕೈಯಲ್ಲಿ ನಗದೂ ಹೋಗುತ್ತದೆ, ಸುದ್ದಿಯೂ ಹೋಗುತ್ತದೆ. ಬೈಟ್‌ಬ್ರಿಜ್ ಗಡಿ ದಾಟಿ ಸೀದಾ ಮನೆ ಬಾಗಿಲಿಗೆ ತಲುಪಿಸುತ್ತಾನೆ. ಯಾವ ಬ್ಯಾಂಕಿನ ಪುಸ್ತಕದಲ್ಲೂ ಇದು ಇರುವುದಿಲ್ಲ.

ಹಣದ ಬದಲು ಹಿಟ್ಟನ್ನೇ ಯಾಕೆ ಕಳಿಸಬೇಕು ಅಂತ ಅನ್ನಿಸಬಹುದು. ಜಿಂಬಾಬ್ವೆಯಲ್ಲಿ 2007ರಲ್ಲಿ ಸರ್ಕಾರ ಬೆಲೆ ಇಳಿಸಿ ಮಾರಲೇಬೇಕು ಅಂತ ಹುಕುಂ ಮಾಡಿತು, ಅಂಗಡಿಗಳ ಕಪಾಟು ಖಾಲಿಯಾಯಿತು. 2008ರ ಹೊತ್ತಿಗೆ ಬೆಳಿಗ್ಗೆಯ ಬೆಲೆ ಸಂಜೆಗೆ ಇರುತ್ತಿರಲಿಲ್ಲ. ಅಂಥ ಕಡೆ ನೋಟು ಕಳಿಸಿ ಏನು ಮಾಡುವುದು? ಹಿಟ್ಟು ಕಳಿಸಿದರೆ ಹಿಟ್ಟಾಗಿಯೇ ತಲುಪುತ್ತದೆ. 2009ರಲ್ಲಿ ಅಮೆರಿಕನ್ ಡಾಲರ್ ಚಲಾವಣೆಗೆ ಬಂದು ಕಪಾಟು ತುಂಬಿದವು. ಆದರೂ ಸಾಮಾನು ಕಳಿಸುವ ರೂಢಿ ಉಳಿಯಿತು. 2016ರಲ್ಲಿ ಸರ್ಕಾರ ಕಡಲೆಬೀಜದ ಪೇಸ್ಟ್, ಜಾಮ್, ಬೀನ್ಸ್ ಡಬ್ಬಿಯಂಥ ವಸ್ತು ತರಲು ಪರವಾನಗಿ ಬೇಕು ಅಂತ ನಿಯಮ ಮಾಡಿದಾಗ ಬೈಟ್‌ಬ್ರಿಜ್‌ನಲ್ಲಿ ಗಲಾಟೆಯೇ ಆಯಿತು. ಡಬ್ಬಿ ಬೀನ್ಸ್‌ಗೆ ಇಷ್ಟೊಂದು ಸಿಟ್ಟಾ ಅಂತ ನಕ್ಕವರಿಗೆ ಆ ಡಬ್ಬಿ ಯಾರ ಮನೆಗೆ ಹೋಗುತ್ತಿತ್ತು ಅಂತ ಗೊತ್ತಿರಲಿಲ್ಲ.

ಆದ್ದರಿಂದ ಪ್ರಶ್ನೆ ಹೀಗಿರಲಿ: ಹೋದ ಮೂರು ತಿಂಗಳಲ್ಲಿ ಹೊರಗಿನಿಂದ ಏನೇನು ಬಂತು? ನಗದು ಎಷ್ಟು, ಯಾರ ಕೈಯಲ್ಲಿ? ತಿನ್ನುವ ಸಾಮಾನು ಏನು, ಎಷ್ಟು ಕಿಲೋ, ಎಷ್ಟು ಲೀಟರ್? ಮಾರಲು ಬಂದದ್ದು ಏನಾದರೂ ಇದೆಯಾ? ಬಂದ ಸಾಮಾನಿಗೆ ಬೆಲೆ ಕಟ್ಟುವಾಗ ಕಳಿಸಿದ ಊರಿನ ಬೆಲೆ ಹಾಕಬೇಡಿ. ಅದೇ ವಾರ ಊರಿನ ಅಂಗಡಿಯಲ್ಲಿ ಅದನ್ನು ಕೊಳ್ಳಲು ಎಷ್ಟು ಬೀಳುತ್ತಿತ್ತೋ ಆ ಬೆಲೆ ಹಾಕಿ. ಯಾಕೆಂದರೆ ಮನೆಗೆ ಉಳಿದದ್ದು ಅಷ್ಟು.

ವರ್ಷದ ಕೊನೆಗೆ ಒಮ್ಮೆಲೇ ದೊಡ್ಡ ಸಾಮಾನು ಬಂದಿದ್ದರೆ ಸ್ಟಾಕ್‌ವೆಲ್ ಇತ್ತಾ ಅಂತ ಕೇಳಿ. ದಕ್ಷಿಣ ಆಫ್ರಿಕಾದಲ್ಲಿ ಚೀಟಿ ಗುಂಪಿಗೆ ಹಾಗೆ ಹೇಳುತ್ತಾರೆ. ಕೆಲವು ಗುಂಪುಗಳು ಹಣ ಹಂಚದೆ ಡಿಸೆಂಬರಿನಲ್ಲಿ ದಿನಸಿಯನ್ನೇ ಸಗಟಾಗಿ ಕೊಂಡು ಹಂಚಿಕೊಳ್ಳುತ್ತವೆ.

ಇನ್ನೊಂದು ವಿಷಯ. ಚೀಲ ಒಂದೇ ದಿಕ್ಕಿಗೆ ಹೋಗುವುದಿಲ್ಲ. ವಿಂಡ್‌ಹುಕ್‌ನ ಕಟುಟುರಾ ಬಡಾವಣೆಯಲ್ಲಿ ಬಡ ಮನೆಗಳಿಗೆ ಉತ್ತರದ ಹಳ್ಳಿಗಳಿಂದ ಸಜ್ಜೆ ಬರುತ್ತದೆ, ಮಹಾಂಗು ಅನ್ನುತ್ತಾರೆ ಅಲ್ಲಿ. ಸಂಶೋಧಕ ಬ್ರೂಸ್ ಫ್ರೇನ್ ಇದನ್ನು ಲೆಕ್ಕ ಹಾಕಿದಾಗ, ವರ್ಷದಲ್ಲಿ ಒಮ್ಮೆಯಾದರೂ ಹಳ್ಳಿಯಿಂದ ಆಹಾರ ಬಂದ ಮನೆಗಳು ಅರ್ಧಕ್ಕೂ ಜಾಸ್ತಿ ಇದ್ದವು. ಪಟ್ಟಣಕ್ಕೆ ಹೋದ ಮಗ ಊರನ್ನು ಸಾಕುತ್ತಾನೆ ಅಂತ ನಾವು ಅಂದುಕೊಂಡಿರುತ್ತೇವೆ. ಅಲ್ಲಿ ಊರಿನ ಹೊಲ ಪಟ್ಟಣದ ಮಗನನ್ನು ಸಾಕುತ್ತಿತ್ತು. ಬುಲವಾಯೊ ಕಡೆಯಿಂದಲೂ ಒಣಗಿಸಿದ ಸೊಪ್ಪು, ಅಮಾಚಿಂಬಿ ಅನ್ನುವ ಮೊಪಾನೆ ಮರದ ಹುಳು ಜೋಹಾನ್ಸ್‌ಬರ್ಗ್‌ಗೆ ಹೋಗುತ್ತವೆ. ಹುಳು ಅಂದರೆ ಮುಖ ಸಿಂಡರಿಸಬೇಡಿ, ಒಳ್ಳೆ ಪ್ರೋಟೀನ್ ಅದು. ನಿಮ್ಮ ಹಾಳೆಯಲ್ಲಿ 'ಇಲ್ಲಿಂದ ಅಲ್ಲಿಗೆ ಏನು ಹೋಯಿತು' ಅನ್ನುವ ಕಾಲಂ ಇರಲೇಬೇಕು.

ಕಳಿಸುವ ಖರ್ಚನ್ನು ಬಿಡಬೇಡಿ

ಸಹಾರಾದ ದಕ್ಷಿಣದ ಆಫ್ರಿಕಾಕ್ಕೆ ಹಣ ಕಳಿಸುವುದು ಪ್ರಪಂಚದಲ್ಲೇ ದುಬಾರಿ. ವಿಶ್ವಬ್ಯಾಂಕ್ 200 ಡಾಲರ್ ಕಳಿಸಲು ಎಷ್ಟು ಬೀಳುತ್ತದೆ ಅಂತ ಲೆಕ್ಕ ಇಡುತ್ತದೆ. ಈಚಿನ ವರ್ಷಗಳಲ್ಲಿ ಅದು ಶೇ 8ರ ಆಸುಪಾಸು. ಅಂದರೆ 200ಕ್ಕೆ 16 ಡಾಲರ್ ದಾರಿಯಲ್ಲೇ ಖರ್ಚು. 2030ರೊಳಗೆ ಇದನ್ನು ಶೇ 3ಕ್ಕೆ ಇಳಿಸಬೇಕು ಅಂತ ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಬರೆದಿದೆ.

ಲೆಕ್ಕ ಹಾಕುವಾಗ ಕೌಂಟರಿನಲ್ಲಿ ಹೇಳುವ ಶುಲ್ಕ ಮಾತ್ರ ನೋಡಿದರೆ ಮೋಸ ಹೋಗುತ್ತೀರಿ. ವಿನಿಮಯ ದರದಲ್ಲೂ ಕೈ ಹಾಕಿರುತ್ತಾರೆ. ಆ ದಿನದ ಮಾರುಕಟ್ಟೆ ದರಕ್ಕೂ ಇವರು ಕೊಟ್ಟ ದರಕ್ಕೂ ಇರುವ ವ್ಯತ್ಯಾಸ ತೆಗೆದು ಶುಲ್ಕಕ್ಕೆ ಸೇರಿಸಿ. ಹಣ ಬಿಡಿಸಲು ಊರಿನವರು ಪೇಟೆಗೆ ಹೋದ ಬಸ್ ಚಾರ್ಜನ್ನೂ ಸೇರಿಸಿ, ಅದನ್ನು ಎಲ್ಲರೂ ಮರೆಯುತ್ತಾರೆ. ಸಣ್ಣ ಮೊತ್ತಕ್ಕೆ ಈ ಹೊಡೆತ ಜಾಸ್ತಿ. ಕಾಗದಪತ್ರ ಇಲ್ಲದವರಿಗೆ ಬ್ಯಾಂಕಿನ ಬಾಗಿಲೇ ತೆರೆಯುವುದಿಲ್ಲ. ಹಾಗಾಗಿ ಒಮಲಯಿಚನ ಕಮಿಷನ್ ಜಾಸ್ತಿ ಅನ್ನಿಸಿದರೂ ಅವನ ಹತ್ತಿರವೇ ಹೋಗುತ್ತಾರೆ. ಇದಕ್ಕೆ 'ಅರಿವಿನ ಕೊರತೆ' ಅಂತ ಬರೆದ ವರದಿ ಕಂಡರೆ ನನಗೆ ಕೋಪ ಬರುತ್ತದೆ. ಅವರಿಗೆ ಅರಿವು ಚೆನ್ನಾಗಿಯೇ ಇದೆ. ಇಲ್ಲದಿರುವುದು ಪರ್ಮಿಟ್.

ಕೊನೆಯಲ್ಲಿ ತಲುಪಿದ ಮೊತ್ತವನ್ನು ಕಿಲೋಗೆ ತಿರುಗಿಸಿ. ಆ ತಿಂಗಳು ಆ ಊರಿನಲ್ಲಿ ಮೆಕ್ಕೆಜೋಳದ ಹಿಟ್ಟಿಗೋ ಸಜ್ಜೆಗೋ ಎಷ್ಟು ಬೆಲೆ ಇತ್ತು ನೋಡಿ, ಬಂದ ಹಣಕ್ಕೆ ಎಷ್ಟು ಕಿಲೋ ಸಿಗುತ್ತಿತ್ತು ಅಂತ ಬರೆದಿಡಿ. ದಕ್ಷಿಣ ಆಫ್ರಿಕಾದ ರ್‍ಯಾಂಡ್ ಏರಿತು, ಡಾಲರ್ ಇಳಿಯಿತು ಅನ್ನುವ ಗೊಂದಲವೆಲ್ಲ ಇಲ್ಲಿ ಬಗೆಹರಿಯುತ್ತದೆ. ಹಣ ಹೋದ ವರ್ಷದಷ್ಟೇ ಬಂದು, ಹಿಟ್ಟು ಅರ್ಧವೇ ಬಂದಿದ್ದರೆ, ಸುದ್ದಿ ಅದೇ.

ಊರಿನ ಒಲೆ: ಅಳತೆಗೋಲು ಯಾವುದು, ಎಲ್ಲಿ ಕೈ ಕೊಡುತ್ತದೆ

ತಯಾರಿರುವ ಅಳತೆಗೋಲುಗಳು ಬೇಕಾದಷ್ಟಿವೆ, ಹೊಸದು ಮಾಡಲು ಹೋಗಬೇಡಿ. ಎಚ್‌ಎಫ್‌ಐಎಎಸ್ ಅನ್ನುವುದು 9 ಪ್ರಶ್ನೆಗಳದ್ದು. ಹೋದ 30 ದಿನದಲ್ಲಿ ಊಟಕ್ಕೆ ಏನು ಮಾಡೋದು ಅಂತ ಚಿಂತೆ ಆಯ್ತಾ ಅನ್ನುವುದರಿಂದ ಶುರುವಾಗಿ, ಹಗಲು ರಾತ್ರಿ ಪೂರ್ತಿ ಏನೂ ತಿನ್ನದೆ ಇದ್ದಿರಾ ಅನ್ನುವವರೆಗೆ. ಪ್ರತಿ ಪ್ರಶ್ನೆಗೆ 0ರಿಂದ 3, ಒಟ್ಟು 27. ಅಂಕ ಏರಿದಷ್ಟೂ ಕಷ್ಟ ಜಾಸ್ತಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಫ್‌ಎಒದವರ ಎಫ್‌ಐಇಎಸ್‌ನಲ್ಲಿ 8 ಪ್ರಶ್ನೆ, ಹೌದು ಇಲ್ಲ ಅಷ್ಟೇ. ಸಮಯ ಕಡಿಮೆ ಇದ್ದರೆ ಎಫ್‌ಐಇಎಸ್ ಸಾಕು. ಕೂತು ಮಾತಾಡುವಷ್ಟು ಪುರುಸೊತ್ತಿದ್ದರೆ ಮೊದಲನೆಯದು ಒಳ್ಳೆಯದು.

ತಿಂದದ್ದನ್ನೇ ಎಣಿಸುವ ಅಳತೆಗಳಲ್ಲಿ ಹುಷಾರಾಗಿರಿ. ಎಚ್‌ಡಿಡಿಎಸ್ ಅನ್ನುವುದು ಹಿಂದಿನ 24 ಗಂಟೆಯಲ್ಲಿ 12 ಗುಂಪಿನ ಆಹಾರದಲ್ಲಿ ಎಷ್ಟು ಗುಂಪು ತಿಂದರು ಅಂತ ಎಣಿಸುತ್ತದೆ. ಈಗ ಒಂದು ತಟ್ಟೆ ನೋಡೋಣ. ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಅಂದರೆ ಶೋನಾ ಭಾಷೆಯಲ್ಲಿ ಸಾಡ್ಜಾ, ಎಂಡೆಬೆಲೆಯಲ್ಲಿ ಇಸಿಚ್ವಾಲ. ಪಕ್ಕದಲ್ಲಿ ಒಂದು ಚಮಚ ಎಣ್ಣೆ ಹಾಕಿ ಬಾಡಿಸಿದ ಸೊಪ್ಪು. ಬೆಳಿಗ್ಗೆ ಸಕ್ಕರೆ ಹಾಕಿದ ಕರಿ ಚಹಾ. ಎಣಿಸಿ: ಧಾನ್ಯ ಒಂದು, ತರಕಾರಿ ಎರಡು, ಎಣ್ಣೆ ಮೂರು, ಸಕ್ಕರೆ ನಾಲ್ಕು, ಚಹಾ ಐದು. 12ಕ್ಕೆ 5 ಬಂತು! ಕೇಳಿದರೆ ಪರವಾಗಿಲ್ಲ ಅನ್ನಿಸುತ್ತದೆ. ತಟ್ಟೆಯಲ್ಲಿ ಇರುವುದು ಮುದ್ದೆ ಸೊಪ್ಪು ಅಷ್ಟೇ.

ಅದೇ ತಟ್ಟೆಯನ್ನು ವಿಶ್ವ ಆಹಾರ ಕಾರ್ಯಕ್ರಮದ ಎಫ್‌ಸಿಎಸ್‌ಗೆ ಹಾಕಿ ನೋಡಿ. ಅಲ್ಲಿ 7 ದಿನದ ಲೆಕ್ಕ, ಪ್ರತಿ ಗುಂಪಿಗೂ ತೂಕ ಬೇರೆ. ಧಾನ್ಯಕ್ಕೆ 2, ಬೇಳೆಕಾಳಿಗೆ 3, ತರಕಾರಿ ಹಣ್ಣಿಗೆ ಒಂದೊಂದು, ಮಾಂಸ ಮೀನು ಮೊಟ್ಟೆಗೆ 4, ಹಾಲಿಗೆ 4, ಎಣ್ಣೆ ಸಕ್ಕರೆಗೆ ಅರ್ಧರ್ಧ, ಚಹಾ ಮಸಾಲೆಗೆ ಏನೂ ಇಲ್ಲ. ವಾರವಿಡೀ ಅದೇ ತಟ್ಟೆ ಆದರೆ 14, 7, 3.5, ಮತ್ತೆ 3.5. ಒಟ್ಟು 28. ಮಾಮೂಲಿ ಗೆರೆ 21 ಮತ್ತು 35, ಅಂದರೆ 21ರವರೆಗೆ ಕೆಳಗಿನ ಗುಂಪು, 35ರವರೆಗೆ ನಡುವಿನದು, ಹಾಗಾಗಿ ಇದು ನಡುವಿನ ಗುಂಪಿಗೆ ಬಂದು ಕೂರುತ್ತದೆ. ಆದರೆ ಎಣ್ಣೆ ಸಕ್ಕರೆ ದಿನಾ ಬಳಸುವ ಕಡೆ ಗೆರೆಯನ್ನು 28 ಮತ್ತು 42ಕ್ಕೆ ಏರಿಸಬೇಕು ಅಂತ ಅವರದ್ದೇ ಸೂಚನೆ ಇದೆ. ಆಗ ಅದೇ ಮನೆ ಕೆಳಗಿನ ಗುಂಪಿಗೆ ಇಳಿಯಿತು. ಮನೆ ಅದೇ, ತಟ್ಟೆ ಅದೇ, ಗೆರೆ ಮಾತ್ರ ಬೇರೆ. ಹೊರಗಿನಿಂದ ಎಣ್ಣೆ ಸಕ್ಕರೆ ಬರುವ ಮನೆಗಳಲ್ಲೇ ಈ ತಪ್ಪು ಜಾಸ್ತಿ ಆಗುವುದು, ಯಾಕೆಂದರೆ ಚೀಲದಲ್ಲಿ ಬರುವುದೇ ಅವು. ಯಾವ ಗೆರೆ ಬಳಸಿದಿರಿ ಅಂತ ಬರೆಯದೆ ಅಂಕ ಮಾತ್ರ ಬರೆದರೆ ಆ ಅಂಕಕ್ಕೆ ಬೆಲೆ ಇಲ್ಲ.

ಆರ್‌ಸಿಎಸ್‌ಐ ಅನ್ನುವ ಇನ್ನೊಂದು ಚಿಕ್ಕ ಪಟ್ಟಿ ಇದೆ, ಐದೇ ಪ್ರಶ್ನೆ. ಊಟ ಸಾಲದಿದ್ದಾಗ ಏನು ಮಾಡಿದಿರಿ ಅಂತ ಕೇಳುತ್ತದೆ. ಮಕ್ಕಳಿಗೆ ಆಗಲಿ ಅಂತ ದೊಡ್ಡವರು ಕಡಿಮೆ ತಿಂದರೆ ಅದಕ್ಕೆ ತೂಕ 3. ನೆಂಟರ ನೆರವಿನಿಂದ ಉಂಡರೆ ಅದಕ್ಕೆ 2. ಇಲ್ಲಿ ಒಂದು ಗುಂಡಿ ಇದೆ ನೋಡಿ. ತಿಂಗಳು ತಿಂಗಳು ಮಗಳು ಹಣ ಕಳಿಸುವ ಮನೆಯಲ್ಲಿ ಈ ಪ್ರಶ್ನೆ ಕೇಳಿದರೆ, ಹೌದು ಮಗಳ ನೆರವಿನಿಂದಲೇ ಉಂಡೆವು ಅನ್ನುತ್ತಾರೆ. ಅಂಕ ಏರುತ್ತದೆ. ಹಣ ಬರುವ ಮನೆಯೇ ಕಷ್ಟದ ಮನೆ ಅಂತ ನಿಮ್ಮ ಹಾಳೆ ತೋರಿಸುತ್ತದೆ! ಮೊದಲೇ ಬಿಡಿಸಿ ಹೇಳಿ: ಮಾಮೂಲಿ ಬರುವ ಹಣ ಬೇಡ, ಈ ವಾರ ಸಾಲದೆ ಹೋಗಿ ಕೇಳಿಕೊಂಡು ಪಡೆದದ್ದು ಮಾತ್ರ ಹೇಳಿ ಅಂತ.

ಕಾಲದ ಲೆಕ್ಕ ತಪ್ಪಿದರೂ ಎಲ್ಲ ತಪ್ಪಿತು. ಜಿಂಬಾಬ್ವೆ, ಮಲಾವಿ ಕಡೆ ಕೊಯ್ಲು ಏಪ್ರಿಲ್ ಮೇ ಹೊತ್ತಿಗೆ. ಕಣಜ ಬರಿದಾಗುವುದು ಡಿಸೆಂಬರಿಂದ ಮಾರ್ಚ್. ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಸಾಹೆಲ್ ಪಟ್ಟಿಯಲ್ಲಿ ಇದೇ ಕಷ್ಟ ಜೂನ್‌ನಿಂದ ಆಗಸ್ಟ್ ಸೆಪ್ಟೆಂಬರ್. ಮೇ ತಿಂಗಳಲ್ಲಿ ಬುಲವಾಯೊ ಸುತ್ತಿನ ಹಳ್ಳಿಗೆ ಹೋಗಿ 'ಹಸಿವು ಕಡಿಮೆ' ಅಂತ ಬರೆದರೆ ನೀವು ಅಳೆದದ್ದು ಕೊಯ್ಲನ್ನು. ವರ್ಷದ 12 ತಿಂಗಳನ್ನೂ ಒಂದೊಂದಾಗಿ ಹೆಸರು ಹಿಡಿದು ಕೇಳಿ, ಯಾವ ತಿಂಗಳು ಸಾಲಲಿಲ್ಲ, ಯಾವ ತಿಂಗಳು ಹಣ ಬಂತು. ಎರಡೂ ಸಾಲು ಒಂದರ ಕೆಳಗೆ ಒಂದು ಬರೆದರೆ, ಹಸಿವಿನ ತಿಂಗಳಿಗೆ ಹಣ ಸಿಕ್ಕಿತಾ ಇಲ್ಲವಾ ಅಂತ ಕಣ್ಣಿಗೇ ಕಾಣುತ್ತದೆ.

ಇನ್ನೊಂದು ಒಲೆ

ಈಗ ಕಳಿಸುವವರ ಕಡೆ. ಇಲ್ಲಿ 'ಮನೆ' ಅಂದರೆ ಏನು ಅನ್ನುವುದೇ ಮೊದಲ ತಕರಾರು. ಒಂದು ಫ್ಲ್ಯಾಟಿನಲ್ಲಿ ಪರದೆ ಕಟ್ಟಿಕೊಂಡು ನಾಲ್ಕು ಕುಟುಂಬ ಇರಬಹುದು. ಒಂದು ಸೂರು ಅಂತ ಎಣಿಸಬೇಡಿ, ಒಂದು ಪಾತ್ರೆಯಲ್ಲಿ ಬೇಯಿಸಿ ಉಣ್ಣುವವರು ಎಷ್ಟು ಜನ ಅಂತ ಎಣಿಸಿ.

ಲೆಕ್ಕ ತಿಳಿಯಲು ಒಂದು ಉದಾಹರಣೆ ಕಟ್ಟೋಣ. ಅಂಕಿಗಳು ನಾನೇ ಹಾಕಿದ್ದು, ಕೂಡಿ ಕಳೆಯಲು ಸುಲಭ ಆಗಲಿ ಅಂತ. ಜೋಹಾನ್ಸ್‌ಬರ್ಗ್‌ನಲ್ಲಿ ಮನೆಗೆಲಸ ಮಾಡುವ ಹೆಂಗಸು, ತಿಂಗಳಿಗೆ 4,500 ರ್‍ಯಾಂಡ್. ಕೋಣೆ ಬಾಡಿಗೆ 1,500. ಮಿನಿಬಸ್ ಟ್ಯಾಕ್ಸಿ 800. ಕರೆಂಟು, ಫೋನು 300. ಊರಿಗೆ 1,200, ಕಳಿಸುವ ಖರ್ಚು 100. ಉಳಿದದ್ದು 600, ದಿನಕ್ಕೆ 20 ರ್‍ಯಾಂಡ್. ಈಗ ಊರಿನಿಂದ ಫೋನ್ ಬಂತು, ತಾಯಿಗೆ ಹುಷಾರಿಲ್ಲ, ಇನ್ನೊಂದು 300 ಬೇಕು. ಬಾಡಿಗೆ ಕಡಿಮೆ ಮಾಡಲು ಆಗುವುದಿಲ್ಲ, ಮಾಲೀಕ ಹೊರಗೆ ಹಾಕುತ್ತಾನೆ. ಟ್ಯಾಕ್ಸಿ ಬಿಡಲು ಆಗುವುದಿಲ್ಲ, ಕೆಲಸ ಹೋಗುತ್ತದೆ. ಬಿಡಲು ಆಗುವುದು ಒಂದೇ, ಊಟ. ದಿನಕ್ಕೆ 20 ಇದ್ದದ್ದು 10 ಆಯಿತು. ಆ ತಿಂಗಳು ಊರಿನ ಹಾಳೆಯಲ್ಲಿ 'ಹಣ ಹೆಚ್ಚು ಬಂತು, ಊಟ ಸುಧಾರಿಸಿತು' ಅಂತ ದಾಖಲಾಗುತ್ತದೆ. ಸುಳ್ಳಲ್ಲ ಅದು. ಅರ್ಧ ಮಾತ್ರ.

ಇವರ ಹತ್ತಿರ ಎಚ್‌ಎಫ್‌ಐಎಎಸ್ ಪ್ರಶ್ನೆ ನೇರ ಹಾಕಿದರೆ 'ಚೆನ್ನಾಗಿದ್ದೀನಿ' ಅನ್ನುವ ಉತ್ತರವೇ ಜಾಸ್ತಿ. ಊರಿಗೆ ಸುದ್ದಿ ಹೋಗಬಾರದಲ್ವಾ. ಅದಕ್ಕೆ ಸುತ್ತಿ ಕೇಳಿ. ತಿಂಗಳ ಕೊನೆ ವಾರ ಏನು ಅಡುಗೆ? ಹೋದ ಸಲ ಜಾಸ್ತಿ ಹಣ ಕಳಿಸಿದ ತಿಂಗಳು ಏನು ಬಿಟ್ಟಿರಿ? ಕೆಲಸದ ಮನೆಯಲ್ಲಿ ಊಟ ಕೊಡುತ್ತಾರಾ, ಭಾನುವಾರ ಏನು ಮಾಡುತ್ತೀರಿ? ಭಾನುವಾರದ ಪ್ರಶ್ನೆಯೇ ನನಗೆ ಇವುಗಳಲ್ಲಿ ಒಳ್ಳೆಯದು ಅನ್ನಿಸುತ್ತದೆ. ಎಲ್ಲಿ ಕೊಳ್ಳುತ್ತಾರೆ ಅಂತಲೂ ಕೇಳಿ. ಸೂಪರ್‌ಮಾರ್ಕೆಟ್ಟಿನಲ್ಲಿ ದೊಡ್ಡ ಮೂಟೆ ಕೊಂಡರೆ ಕಿಲೋಗೆ ಅಗ್ಗ, ಆದರೆ ಕೈಯಲ್ಲಿ ಅಷ್ಟು ಹಣ ಒಟ್ಟಿಗೆ ಇರುವುದಿಲ್ಲ. ಸ್ಪಾಝಾ ಅನ್ನುವ ಬೀದಿ ಅಂಗಡಿಯವನು ಬಿಡಿಬಿಡಿಯಾಗಿ ಅಳೆದು ಕೊಡುತ್ತಾನೆ, ಮುಖ ಪರಿಚಯ ಇದ್ದರೆ ಸಾಲವನ್ನೂ ಬರೆದುಕೊಳ್ಳುತ್ತಾನೆ. ಆ ಅಂಗಡಿಯವನೂ ಎಷ್ಟೋ ಕಡೆ ವಲಸಿಗನೇ, ಸೊಮಾಲಿಯೋ ಇಥಿಯೋಪಿಯಾದವನೋ. 2008ರ ಮೇ ತಿಂಗಳಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹೊರಗಿನವರ ಮೇಲೆ ದಾಳಿ ನಡೆದು 60ಕ್ಕೂ ಜಾಸ್ತಿ ಜನ ಸತ್ತರು. ಅಂಗಡಿಗಳನ್ನು ದೋಚಿದರು. ಅಂಥ ಒಂದು ಅಂಗಡಿ ಮುಚ್ಚಿದರೆ ಅವನು ಊರಿಗೆ ಕಳಿಸುತ್ತಿದ್ದ ಹಣವೂ ನಿಂತಿತು, ಬೀದಿಯವರ ಸಾಲದ ಪುಸ್ತಕವೂ ಹೋಯಿತು.

ಸರ್ಕಾರದ ನೆರವು ಯಾರಿಗೆ ಸಿಗುತ್ತದೆ ಅನ್ನುವುದನ್ನೂ ಬರೆದುಕೊಳ್ಳಿ. 2020ರ ಮಾರ್ಚ್ 27ಕ್ಕೆ ದಕ್ಷಿಣ ಆಫ್ರಿಕಾದಲ್ಲಿ ಲಾಕ್‌ಡೌನ್ ಶುರುವಾಯಿತು. ಮೇ ತಿಂಗಳಿಂದ ಕೆಲಸ ಇಲ್ಲದವರಿಗೆ ತಿಂಗಳಿಗೆ 350 ರ್‍ಯಾಂಡ್ ಕೊಡಲು ಶುರು ಮಾಡಿದರು. ಆಶ್ರಯ ಕೋರಿ ಅರ್ಜಿ ಹಾಕಿದವರನ್ನೂ, ವಿಶೇಷ ಪರ್ಮಿಟ್ ಇರುವ ಜಿಂಬಾಬ್ವೆಯಂಥ ದೇಶಗಳವರನ್ನೂ ಮೊದಲಿಗೆ ಹೊರಗಿಟ್ಟಿದ್ದರು. ಜೂನ್‌ನಲ್ಲಿ ಪ್ರಿಟೋರಿಯಾದ ಹೈಕೋರ್ಟ್ ಹೇಳಿದ ಮೇಲೆಯೇ ಅವರಿಗೂ ದಾರಿ ಆಯಿತು. ಕಾಗದವೇ ಇಲ್ಲದವರಿಗೆ ಆಗಲೂ ಇಲ್ಲ.

ಪೆಟ್ಟು ಯಾವ ಕಡೆ ಬಿತ್ತು?

ಹೊರಗಿನ ಹಣ ಮನೆಯನ್ನು ಹಸಿವಿನಿಂದ ಕಾಯುತ್ತದಾ ಅನ್ನುವ ದೊಡ್ಡ ಪ್ರಶ್ನೆಗೆ ಉತ್ತರ ಹುಡುಕುವಾಗ, ಪೆಟ್ಟು ಒಂದು ಒಲೆಗೆ ಬಿತ್ತಾ ಎರಡಕ್ಕೂ ಬಿತ್ತಾ ಅಂತ ಮೊದಲು ನೋಡಿ.

ಒಂದು ಕಡೆ ಮಾತ್ರ ಬಿದ್ದರೆ ಇದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಕೀನ್ಯಾದಲ್ಲಿ 2007ರಲ್ಲಿ ಎಂ-ಪೆಸಾ ಬಂದು, ಫೋನಿನಲ್ಲೇ ಹಣ ಕಳಿಸುವುದು ಶುರುವಾಯಿತು. ಬೆಳೆ ಹೋಗುವುದು, ಕಾಯಿಲೆ, ಕೆಲಸ ಕಳೆದುಕೊಳ್ಳುವುದು ಇಂಥ ಪೆಟ್ಟು ಬಿದ್ದಾಗ ಏನಾಗುತ್ತದೆ ಅಂತ ಅರ್ಥಶಾಸ್ತ್ರಜ್ಞರಾದ ವಿಲಿಯಂ ಜ್ಯಾಕ್ ಮತ್ತು ತವನೀತ್ ಸೂರಿ ನೋಡಿದರು. ಎಂ-ಪೆಸಾ ಇಲ್ಲದ ಮನೆಗಳ ಖರ್ಚು ಶೇ 7ರಷ್ಟು ಕುಸಿಯಿತು, ಇದ್ದ ಮನೆಗಳದ್ದು ಕುಸಿಯಲಿಲ್ಲ. ದೂರದಲ್ಲಿದ್ದವರು ಬೇಗ ಕಳಿಸಿದರು, ಅಗ್ಗದಲ್ಲಿ ಕಳಿಸಿದರು, ಅಷ್ಟೇ ಗುಟ್ಟು.

ಎರಡೂ ಕಡೆ ಬಿದ್ದರೆ? 1983ರ ಘಾನಾ ನೋಡಿ. ಆ ವರ್ಷ ಜನವರಿಯಲ್ಲಿ ನೈಜೀರಿಯಾ ಕಾಗದವಿಲ್ಲದ ಹೊರಗಿನವರೆಲ್ಲ ಹೊರಡಿ ಅಂದಿತು. ಸುಮಾರು 10 ಲಕ್ಷ ಘಾನಾದವರು ಚೌಕಳಿ ಚೀಲ ಹೊತ್ತು ವಾಪಸ್ ಬಂದರು. ಆ ಚೀಲಕ್ಕೆ ನೈಜೀರಿಯಾದಲ್ಲಿ ಇವತ್ತಿಗೂ 'ಘಾನಾ ಮಸ್ಟ್ ಗೋ' ಅಂತಲೇ ಹೆಸರು. ಊರಿನಲ್ಲಿ ಬರ, ಕಾಳ್ಗಿಚ್ಚು. ಹಣ ಕಳಿಸುತ್ತಿದ್ದವರೇ ಉಣ್ಣುವ ಬಾಯಾಗಿ ಬಂದು ನಿಂತರು. ಹಸಿವಿನಿಂದ ಎದ್ದು ಕಾಣುವ ಕತ್ತಿನ ಮೂಳೆಗೆ ಜನ ಆಗ 'ರಾಲಿಂಗ್ಸ್ ಸರ' ಅನ್ನುತ್ತಿದ್ದರು, ಅಧಿಕಾರದಲ್ಲಿದ್ದ ಜೆರ್ರಿ ರಾಲಿಂಗ್ಸ್ ಹೆಸರಲ್ಲಿ.

ಇನ್ನೊಂದು ಇದೆ, ಹೊರಗೆ ಯಾರೂ ಇಲ್ಲದವರ ಸ್ಥಿತಿ. 2011ರ ಜುಲೈ 20ರಂದು ವಿಶ್ವಸಂಸ್ಥೆ ದಕ್ಷಿಣ ಸೊಮಾಲಿಯಾದ ಎರಡು ಕಡೆ ಕ್ಷಾಮ ಘೋಷಿಸಿತು. ನೈರೋಬಿಯಲ್ಲೋ ಲಂಡನ್ನಿನಲ್ಲೋ ನೆಂಟರಿದ್ದ ಮನೆಗಳಿಗೆ ಹವಾಲಾ ಮೂಲಕ ಹಣ ಬಂತು. ಜಾಸ್ತಿ ಸತ್ತವರು ನದಿ ಬಯಲಿನ ಬೇಸಾಯಗಾರರು, ಬಂಟು ಮತ್ತು ರಹನ್‌ವೈನ್ ಜನ. ಹೊರದೇಶದಲ್ಲಿ ಅವರಿಗೆ ನೆಂಟರು ಕಡಿಮೆ. ನಿಮ್ಮ ಸಮೀಕ್ಷೆಯಲ್ಲಿ ಹಣ ಬರುವ ಮನೆಗಳನ್ನು ಮಾತ್ರ ಹಿಡಿದರೆ ಇವರು ಕಾಣುವುದೇ ಇಲ್ಲ. ಪ್ರತಿ ಹಳ್ಳಿಯಲ್ಲೂ ಹೊರಗೆ ಯಾರೂ ಇಲ್ಲದ ಮನೆಗಳನ್ನು ಅಷ್ಟೇ ಸಂಖ್ಯೆಯಲ್ಲಿ ಹಿಡಿಯಿರಿ. ಹಾಗೇ ಹಣ ಊರಿಗೆ ಒಟ್ಟಾಗಿ ಬರುತ್ತದಾ ಅಂತಲೂ ಕೇಳಿ. ಕಾಯ್ ಪ್ರದೇಶದ ಸೊನಿಂಕೆ ಜನ ಫ್ರಾನ್ಸಿನಲ್ಲಿ ಸಂಘ ಕಟ್ಟಿಕೊಂಡು ಊರಿಗೆ ಬಾವಿ, ಮಸೀದಿ, ಆಸ್ಪತ್ರೆಗೆಲ್ಲ ಹಣ ಹಾಕಿದ್ದಾರೆ, ಬರದ ಕಾಲದಲ್ಲಿ ಧಾನ್ಯಕ್ಕೂ. ಅಂಥ ಊರಿನಲ್ಲಿ ಯಾರೂ ಹೊರಗಿಲ್ಲದ ಮನೆಗೂ ಒಂದು ಪಾಲು ಬಂದಿರಬಹುದು.

ಬರೆಯುವಾಗ

ಬೇರೆಯವರ ಅಂಕಿ ಎತ್ತಿಕೊಳ್ಳುವಾಗ ಯಾರನ್ನು ಕೇಳಿ ತೆಗೆದ ಅಂಕಿ ಅದು ಅಂತ ನೋಡಿ. ಅಫ್ಸುನ್ ಅನ್ನುವ ಸಂಶೋಧಕರ ಜಾಲ 2008–09ರಲ್ಲಿ ಆಫ್ರಿಕಾದ ದಕ್ಷಿಣ ಭಾಗದ 9 ದೇಶಗಳ 11 ನಗರಗಳಲ್ಲಿ ಸುಮಾರು 6,500 ಮನೆಗಳನ್ನು ಕೇಳಿತು. ನಾಲ್ಕರಲ್ಲಿ ಮೂರು ಮನೆಗೆ ಊಟದ ಭದ್ರತೆ ಇರಲಿಲ್ಲ. ಒಳ್ಳೆ ಕೆಲಸ. ಆದರೆ ಅವರು ಹೋದದ್ದು ಬಡವರ ಬಡಾವಣೆಗಳಿಗೆ. 'ನಗರದ ಮುಕ್ಕಾಲು ಪಾಲು ಜನ ಹಸಿದಿದ್ದಾರೆ' ಅಂತ ಅದನ್ನು ಬರೆದರೆ ತಪ್ಪು.

'ಹಣವನ್ನೆಲ್ಲ ತಿಂದು ಮುಗಿಸುತ್ತಾರೆ, ಹೂಡಿಕೆ ಮಾಡುವುದಿಲ್ಲ' ಅನ್ನುವ ಹಳೇ ರಾಗವನ್ನು ದಯವಿಟ್ಟು ಎತ್ತಬೇಡಿ. ಮಗುವಿನ ಹೊಟ್ಟೆಗೆ ಹೋದ ಹಿಟ್ಟನ್ನು ಪೋಲು ಅಂತ ಕರೆಯುವ ಲೆಕ್ಕ ಯಾವ ಲೆಕ್ಕ?

ಹೆಸರು, ಫೋನ್ ನಂಬರ್, ಯಾವ ಬೀದಿ, ಯಾವ ಡ್ರೈವರ್, ಗಾಡಿ ಯಾವ ದಿನ ಹೊರಡುತ್ತದೆ, ಇವ್ಯಾವುದೂ ಹಾಳೆಯ ಮೇಲೆ ಬೇಡ. ಕಾಗದವಿಲ್ಲದವರನ್ನು ಪೊಲೀಸರು ಹುಡುಕಲು ನಿಮ್ಮ ನೋಟ್‌ಬುಕ್ಕೇ ಸಾಕಾಗಬಹುದು. ಮನೆಗಳಿಗೆ ನಂಬರ್ ಕೊಡಿ. ಊರಿನ ಒಲೆಗೂ ಅದರ ಜೋಡಿ ಒಲೆಗೂ ಒಂದೇ ನಂಬರ್ ಇರಲಿ, ಮುಂದೆ ಒಂದು ಅಕ್ಷರ ಮಾತ್ರ ಬೇರೆ. ಎರಡೂ ಕಡೆ ಒಂದೇ ವಾರದಲ್ಲಿ ಕೇಳಲು ನೋಡಿ, ಇಬ್ಬರ ಉತ್ತರ ಹೊಂದದೆ ಇದ್ದರೆ ತಿದ್ದಬೇಡಿ. 1,200 ಕಳಿಸಿದೆ ಅಂತ ಮಗಳು, 900 ಬಂತು ಅಂತ ತಾಯಿ ಅಂದರೆ ಎರಡನ್ನೂ ಹಾಗೇ ಬರೆದುಕೊಂಡು, ನಡುವಿನ 300 ಎಲ್ಲಿ ಹೋಯಿತು ಅಂತ ಹುಡುಕಲು ಹೊರಡಿ.